ಏಳುವ ಹೊತ್ತು ಹಿಡಿಯಿರಿ, ನಿದ್ದೆ ಕೈಹಿಡಿಯುತ್ತದೆ

ತಿಪಟೂರು ಸೀಮೆಯ ನಮ್ಮ ತೋಟಕ್ಕೆ ಬಹಳ ವರ್ಷ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ ಪಾಳಿಯಲ್ಲಿ. ಹನ್ನೆರಡಕ್ಕೋ ಎರಡಕ್ಕೋ ಕರೆಂಟು ಬಂದರೆ ಅಪ್ಪ ಬ್ಯಾಟರಿ ಹಿಡಿದು ಮೋಟರ್ ಹಾಕಲು ಹೊರಡುತ್ತಿದ್ದರು. ಒಂದು ಮರದ ಪಾತಿಯಿಂದ ಇನ್ನೊಂದಕ್ಕೆ ನೀರು ತಿರುಗಿಸಿ ಮನೆಗೆ ಬರುವಷ್ಟರಲ್ಲಿ ಕೋಳಿ ಕೂಗುತ್ತಿತ್ತು. ಆಮೇಲೆ ಹನಿ ನೀರಾವರಿ ಬಂತು, ಫೋನಿನಿಂದಲೇ ಮೋಟರ್ ಹಾಕುವ ಸ್ಟಾರ್ಟರ್ ಬಂತು. ರಾತ್ರಿ ಏಳುವ ಕೆಲಸ ತಪ್ಪಿತು. ಆದರೆ ಹೋದ ನಿದ್ದೆ ಮರಳಲಿಲ್ಲ.

ಅಪ್ಪ ಸಂಜೆ ಉಂಡು ಎಂಟೂವರೆಗೇ ಹಾಸಿಗೆ ಸೇರುತ್ತಿದ್ದರು. ಹತ್ತು, ಹನ್ನೊಂದು, ಹನ್ನೆರಡು ಎಂದು ಗಡಿಯಾರದ ಗಂಟೆ ಎಣಿಸುತ್ತಿದ್ದರು. ಬೆಳಗಿನ ಜಾವ ಜೋಂಪು ಹತ್ತಿದರೆ ಆರೂವರೆಯಾದರೂ ಏಳುತ್ತಿರಲಿಲ್ಲ. ಮಧ್ಯಾಹ್ನ ಜಗಲಿಯಲ್ಲಿ ಎರಡು ಗಂಟೆ ನಿದ್ದೆ. ಮಾತುಮಾತಿಗೆ ಸಿಡುಕು, ಏರುತ್ತಿದ್ದ ಬಿಪಿ. ಕೊನೆಗೆ ಡಾಕ್ಟರ ಬಳಿ ಕರೆದೊಯ್ದೆ. ಅವರು ಮೊದಲು ಕೇಳಿದ್ದು, "ಯಜಮಾನ್ರೇ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀರಾ?"

"ನಿದ್ದೇನೇ ಬರಲ್ಲ ಅಂತ ಬಂದಿದೀನಿ ಡಾಕ್ಟ್ರೇ, ಏಳೋ ಮಾತು ಎಲ್ಲಿಂದ ಬಂತು?" ಅಂದರು ಅಪ್ಪ.

ಆ ಪ್ರಶ್ನೆಯ ಬೆಲೆ ನಮಗೆ ತಿಳಿದದ್ದು ತಿಂಗಳ ನಂತರ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ. ನಿದ್ದೆಯನ್ನು ಯಾರೂ ಬಲವಂತವಾಗಿ ತರಲಾರರು. ಏಳುವ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಹಿಡಿದರೆ ಉಳಿದದ್ದು ನಿಧಾನವಾಗಿ ಹಳಿಗೆ ಬರುತ್ತದೆ.

ನಿದ್ದೆ ಬರುವುದು ಹೇಗೆ?

ನಿದ್ದೆಯನ್ನು ತರುವ ಶಕ್ತಿಗಳು ಎರಡು. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಇದನ್ನು ಸ್ಪಷ್ಟವಾದ ಸಿದ್ಧಾಂತವಾಗಿ ಮುಂದಿಟ್ಟರು.

ಮೊದಲನೆಯದು ನಿದ್ದೆಯ ಹಸಿವು. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ಕಣ್ಣು ಎಳೆಯುತ್ತದೆ, ಮಲಗಿದಾಗ ಕರಗುತ್ತದೆ. ಸಂಜೆ ಬೋಂಡ ತಿಂದವರಿಗೆ ರಾತ್ರಿಯ ಊಟ ಸೇರುವುದಿಲ್ಲ. ಮಧ್ಯಾಹ್ನ ಎರಡು ಗಂಟೆ ಮಲಗಿದವರಿಗೆ ರಾತ್ರಿಯ ನಿದ್ದೆಯೂ ಹಾಗೆಯೇ. ಕಾಫಿ ಈ ಹಸಿವನ್ನು ನೀಗಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೆ. ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಇರುತ್ತದೆ.

ಎರಡನೆಯದು ಒಳಗಡಿಯಾರ. ಎರಡೂ ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಮಿದುಳಿನ ಬುಡದಲ್ಲಿ, ಪುಟ್ಟ ನರಕೋಶಗಳ ಗುಂಪೊಂದಿದೆ. ಇಡೀ ದೇಹಕ್ಕೆ ಹಗಲು ಯಾವುದು, ಇರುಳು ಯಾವುದು ಎಂದು ಹೇಳುವುದು ಅದೇ. ಜೀವಕೋಶದ ಒಳಗೆ ಈ ಗಡಿಯಾರ ಓಡುವ ಬಗೆಯನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಂದಿತು. ಈ ಗಡಿಯಾರಕ್ಕೆ ದಿನವೂ ಕೀಲಿ ಕೊಡುವುದು ಬೆಳಗಿನ ಬೆಳಕು. ಎದ್ದು ಬೆಳಕಿಗೆ ಬಂದ ಹೊತ್ತಿನಿಂದ ಅದು ಲೆಕ್ಕ ಹಾಕಿ, ಇರುಳಾಯಿತೆಂದು ಮೈಗೆ ಸಾರುವ ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸುವ ಹೊತ್ತನ್ನು ಗೊತ್ತುಮಾಡುತ್ತದೆ.

ಹೀಗಾಗಿ ಏಳುವ ಹೊತ್ತು ಈ ಎರಡಕ್ಕೂ ಆರಂಭದ ಗೆರೆ. ಹಸಿವು ಕೂಡತೊಡಗುವುದೂ ಅಲ್ಲಿಂದ, ಗಡಿಯಾರ ಓಡತೊಡಗುವುದೂ ಅಲ್ಲಿಂದ. ದಿನಕ್ಕೊಂದು ಹೊತ್ತಿಗೆ ಎದ್ದರೆ ಎರಡೂ ತಾಳ ತಪ್ಪುತ್ತವೆ.

ಮೈಗೆ ನಿದ್ದೆ ಮಾಡುವ ಉಪಕಾರ

ಆಯುರ್ವೇದದ ಚರಕ ಸಂಹಿತೆ ಆಹಾರ ಮತ್ತು ಬ್ರಹ್ಮಚರ್ಯದ ಜೊತೆಗೆ ನಿದ್ರೆಯನ್ನೂ ದೇಹವನ್ನು ಹೊತ್ತ ಮೂರು ಆಸರೆಗಂಬಗಳಲ್ಲಿ ಒಂದೆಂದು ಎಣಿಸಿದೆ. ಇಂದಿನ ಪ್ರಯೋಗಾಲಯಗಳು ಆ ಕಂಬ ಹೊರುವ ಭಾರವನ್ನು ಅಳೆಯುತ್ತಿವೆ.

ರಾತ್ರಿಯ ನಿದ್ದೆ ಒಂದೇ ಹಾಸಿನ ಬಟ್ಟೆಯಂತಿಲ್ಲ. ಸುಮಾರು 90 ನಿಮಿಷದ ಸುತ್ತುಗಳು ನಾಲ್ಕೈದು ಬಾರಿ ಬರುತ್ತವೆ. ಇರುಳಿನ ಮೊದಲರ್ಧದಲ್ಲಿ ಗಾಢ ನಿದ್ದೆ ಹೆಚ್ಚು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಆಗಲೇ. ಮಕ್ಕಳಲ್ಲಿ ಅದು ಮೈ ಬೆಳೆಸುತ್ತದೆ, ದೊಡ್ಡವರಲ್ಲಿ ಸವೆದದ್ದನ್ನು ರಿಪೇರಿ ಮಾಡುತ್ತದೆ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ರಕ್ತದೊತ್ತಡ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ. ಹಗಲಿಡೀ ದುಡಿದ ಹೃದಯಕ್ಕೆ ಸಿಗುವ ಬಿಡುವು ಅದೊಂದೇ. ನಿದ್ದೆ ಕೆಟ್ಟವರಿಗೆ ಆ ಬಿಡುವು ಸಿಗುವುದಿಲ್ಲ. ಅಪ್ಪನ ಬಿಪಿ ಏರಲು ಎಚ್ಚರದ ರಾತ್ರಿಗಳೂ ಕಾರಣವಿರಬಹುದು ಎಂದು ಡಾಕ್ಟರು ಹೇಳಿದ್ದು ಇದಕ್ಕೇ.

ಮಧುಮೇಹ ಮನೆಮನೆಯಲ್ಲೂ ಇರುವ ನಮ್ಮ ನಾಡಿನವರು 1999ರ ಒಂದು ಪ್ರಯೋಗವನ್ನು ನೆನಪಿಡಬೇಕು. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಅಷ್ಟಕ್ಕೇ ಸಕ್ಕರೆಯನ್ನು ಅರಗಿಸುವ ಅವರ ದೇಹದ ಶಕ್ತಿ ಎದ್ದು ಕಾಣುವಷ್ಟು ಕುಗ್ಗಿತ್ತು. ಅದೇ ತಂಡ 2004ರಲ್ಲಿ ಇನ್ನೊಂದನ್ನು ತೋರಿಸಿತು. ನಿದ್ದೆಗೆಟ್ಟರೆ ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಇಳಿಯುತ್ತದೆ. ರಾತ್ರಿ ಎದ್ದಿರುವವರ ಕೈ ಚಕ್ಕುಲಿ ಡಬ್ಬಿಯತ್ತ ಹೋಗುವುದರ ಹಿಂದೆ ಈ ಎರಡು ಹಾರ್ಮೋನುಗಳ ಕೈವಾಡವಿದೆ.

ರೋಗನಿರೋಧಕ ಶಕ್ತಿಯ ಕತೆಯೂ ಇದೇ. ಅಮೆರಿಕದಲ್ಲಿ 153 ಮಂದಿಯ ಮೂಗಿಗೆ ನೆಗಡಿಯ ವೈರಸ್ಸಿನ ಹನಿ ಹಾಕಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಏಳು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಂಭವ, ಎಂಟು ಗಂಟೆಯಾದರೂ ಮಲಗುತ್ತಿದ್ದವರಿಗಿಂತ ಮೂರು ಪಟ್ಟಿನಷ್ಟಿತ್ತು.

ಮನಸ್ಸಿಗೆ ನಿದ್ದೆ ಮಾಡುವ ಉಪಕಾರ

ಇರುಳಿನ ಕೊನೆಯ ಭಾಗದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚುರುಕಾಗಿ ಹೊರಳುವ ನಿದ್ದೆ ಹೆಚ್ಚು. ಯೂಜೀನ್ ಅಸೆರಿನ್‌ಸ್ಕಿ ಮತ್ತು ನೆಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಇದನ್ನು ಗುರುತಿಸಿದರು. ಮನಸ್ಸಿಗೆ ನಾಟುವ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ಹಗಲು ಕಲಿತದ್ದನ್ನು ಗಟ್ಟಿ ಮಾಡುವ ಕೆಲಸ ಗಾಢ ನಿದ್ದೆಯಲ್ಲೂ ಕನಸಿನ ನಿದ್ದೆಯಲ್ಲೂ ನಡೆಯುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ನಾಲ್ಕಕ್ಕೇ ಎಬ್ಬಿಸಿ ಓದಲು ಕೂರಿಸುವುದು ನಮ್ಮ ಮನೆಗಳ ವಾಡಿಕೆ. ಮಗು ಒಂಬತ್ತಕ್ಕೆ ಮಲಗಿದ್ದರೆ ಸರಿ. ಹನ್ನೆರಡರವರೆಗೆ ಓದಿಸಿ ಮತ್ತೆ ನಾಲ್ಕಕ್ಕೆ ಎಬ್ಬಿಸಿದರೆ, ಓದಿದ್ದು ತಲೆಯಲ್ಲಿ ಕೂರುವ ಹೊತ್ತನ್ನೇ ನಾವು ಕಿತ್ತುಕೊಂಡಂತೆ. ಹದಿಹರೆಯದಲ್ಲಿ ಮೆಲಟೋನಿನ್ ಸುರಿಯುವ ಹೊತ್ತು ಸಹಜವಾಗಿಯೇ ಒಂದೆರಡು ಗಂಟೆ ಮುಂದಕ್ಕೆ ಹೋಗಿರುತ್ತದೆ. ಬೆಳಿಗ್ಗೆ ಏಳಲಾಗದ ಮಗುವನ್ನು ಸೋಮಾರಿ ಎಂದು ಬೈಯುವ ಮುಂಚೆ ಇದನ್ನು ನೆನೆಯೋಣ.

ಕೋಪ, ಭಯಗಳನ್ನು ಎಬ್ಬಿಸುವ ಅಮಿಗ್ಡಲ ಎಂಬ ಭಾಗ ಮಿದುಳಿನಲ್ಲಿದೆ. ಒಂದು ರಾತ್ರಿ ನಿದ್ದೆ ತಪ್ಪಿದವರಲ್ಲಿ ಅದು ಅಹಿತಕರ ಚಿತ್ರಗಳಿಗೆ ಸುಮಾರು ಶೇಕಡ 60ರಷ್ಟು ಹೆಚ್ಚಾಗಿ ಕೆರಳಿದ್ದು 2007ರ ಸ್ಕ್ಯಾನಿಂಗ್ ಅಧ್ಯಯನದಲ್ಲಿ ಕಂಡುಬಂತು. ಅದಕ್ಕೆ ಕಡಿವಾಣ ಹಾಕಬೇಕಾದ ಮುಂಮಿದುಳಿನ ಹಿಡಿತವೂ ಸಡಿಲಗೊಂಡಿತ್ತು. ಅಪ್ಪನ ಸಿಡುಕಿಗೆ ಸ್ವಭಾವವನ್ನು ದೂರಿದ ನಮಗೆ ಆಮೇಲೆ ಇದನ್ನು ಓದಿ ಸಂಕಟವಾಯಿತು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ಚಿಂತೆ ನಿದ್ದೆಯನ್ನು ಕೆಡಿಸುತ್ತದೆ, ನಿಜ. ಕೆಟ್ಟ ನಿದ್ದೆಯೂ ಚಿಂತೆಯನ್ನು ಹುಟ್ಟಿಸುತ್ತದೆ ಎಂಬುದು ನಂತರ ತಿಳಿದ ಸತ್ಯ. ದೀರ್ಘಕಾಲ ನಿದ್ರಾಹೀನತೆ ಇರುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿದ್ದೆಗೆ ಕೊಟ್ಟ ತರಬೇತಿಯಿಂದ ನಿದ್ದೆ ಸುಧಾರಿಸಿತಲ್ಲದೆ ಸಂಶಯದ ಯೋಚನೆಗಳೂ ಖಿನ್ನತೆ, ಆತಂಕಗಳೂ ತಗ್ಗಿದವು.

"ನನಗೆ ಐದಾರು ಗಂಟೆ ಸಾಕು" ಎನ್ನುವವರಿಗೆ

ಈ ಮಾತು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಹಾಗೆ ಅನ್ನಿಸುತ್ತದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ 2003ರ ಅಧ್ಯಯನದಲ್ಲಿ ಎರಡು ವಾರ ದಿನಕ್ಕೆ ಆರು ಗಂಟೆ ಮಾತ್ರ ಮಲಗಿದವರ ಏಕಾಗ್ರತೆ, ಇಡೀ ರಾತ್ರಿ ಎಚ್ಚರವಿದ್ದವರ ಮಟ್ಟಕ್ಕೆ ಕುಸಿದಿತ್ತು. ಆದರೂ ಅವರು ತಮಗೇನೂ ಅಷ್ಟು ನಿದ್ದೆ ಎಳೆಯುತ್ತಿಲ್ಲ ಎಂದೇ ಬರೆದಿದ್ದರು. ನಿದ್ದೆ ಕಡಿಮೆಯಾದಾಗ, ನಿದ್ದೆ ಕಡಿಮೆಯಾಗಿದೆ ಎಂದು ಅರಿಯುವ ಶಕ್ತಿಯೂ ಮಂಕಾಗುತ್ತದೆ.

ರಸ್ತೆಯಲ್ಲಿ ಇದು ಜೀವಕ್ಕೆ ಕುತ್ತು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಅಳೆದು ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇಕಡ 0.03. ಬೆಳಿಗ್ಗೆ ಐದಕ್ಕೆದ್ದು, ದಿನವಿಡೀ ಮದುವೆಮನೆಯಲ್ಲಿ ಓಡಾಡಿ, ರಾತ್ರಿ ಹತ್ತರ ಮೇಲೆ ಕಾರು ಹತ್ತುವವರು ಇದನ್ನು ದಯವಿಟ್ಟು ನೆನಪಿಡಿ. ಕಣ್ಣು ಎಳೆದರೆ ಕಿಟಕಿ ಇಳಿಸುವುದು, ಹಾಡು ಹಾಕುವುದು ಪರಿಹಾರವಲ್ಲ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, 20 ನಿಮಿಷ ಮಲಗಿ. ಕಾಫಿ ಕೆಲಸ ಶುರುಮಾಡುವ ಹೊತ್ತಿಗೆ ಎಚ್ಚರವಾಗುತ್ತದೆ.

ಯಾರಿಗೆ ಎಷ್ಟು ನಿದ್ದೆ ಬೇಕು? ಒಂದರಿಂದ ಎರಡು ವರ್ಷದ ಮಕ್ಕಳಿಗೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13, ಶಾಲೆಗೆ ಹೋಗುವವರಿಗೆ 9ರಿಂದ 11, ಹದಿಹರೆಯದವರಿಗೆ 8ರಿಂದ 10, ದೊಡ್ಡವರಿಗೆ 7ರಿಂದ 9, 65 ದಾಟಿದವರಿಗೆ 7ರಿಂದ 8.

ಹಾಲಿನ ಲೆಕ್ಕದ ಪುಸ್ತಕದಲ್ಲಿ ನಿದ್ದೆಯ ಲೆಕ್ಕ

ಡಾಕ್ಟರು ಅಪ್ಪನಿಗೆ ಮಾತ್ರೆ ಬರೆಯಲಿಲ್ಲ. ಎರಡು ವಾರ ನಿದ್ದೆಯ ಲೆಕ್ಕ ಬರೆಯಲು ಹೇಳಿದರು. ಅಪ್ಪ ಡೇರಿಯ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನವೂ ಬೆಳಿಗ್ಗೆ ನಾಲ್ಕು ಸಾಲು ಬರೆದರು: ಮಲಗಿದ್ದು, ಅಂದಾಜಿಗೆ ನಿದ್ದೆ ಹತ್ತಿದ್ದು, ನಡುವೆ ಎಚ್ಚರವಿದ್ದದ್ದು, ಎದ್ದದ್ದು.

ಎರಡು ವಾರದ ಸರಾಸರಿ ಹೀಗಿತ್ತು. ಹಾಸಿಗೆಯಲ್ಲಿ ರಾತ್ರಿ ಎಂಟೂವರೆಯಿಂದ ಬೆಳಿಗ್ಗೆ ಆರೂವರೆ, ಅಂದರೆ ಹತ್ತು ಗಂಟೆ. ನಿದ್ದೆ ಮಾಡಿದ್ದು ಆರು ಗಂಟೆ. ನಾಲ್ಕು ಗಂಟೆ ಬರೀ ಹೊರಳಾಟ. ಆರು ಗಂಟೆಯ ನಿದ್ದೆಯನ್ನು ಹತ್ತು ಗಂಟೆಯ ಹಾಸಿಗೆಗೆ ಹಿಗ್ಗಿಸಿದ್ದರಿಂದ ಅದು ಅಲ್ಲಲ್ಲಿ ಹರಿದುಹೋಗಿತ್ತು. ಇನ್ನೂ ಬೇಗ ಮಲಗಿದರೆ ನಿದ್ದೆ ಬಂದೀತು ಎಂದು ನಾವೇ ಒತ್ತಾಯಿಸುತ್ತಿದ್ದುದು ಗಾಯಕ್ಕೆ ಉಪ್ಪು ಸುರಿದಂತಾಗಿತ್ತು.

ಡಾಕ್ಟರ ಕಟ್ಟಳೆ ಸರಳವಾಗಿತ್ತು. ಏನೇ ಆಗಲಿ ಐದೂವರೆಗೆ ಏಳಬೇಕು. ಹನ್ನೊಂದಕ್ಕೆ ಮುಂಚೆ ಹಾಸಿಗೆಗೆ ಹೋಗಬಾರದು. ಹಗಲು 20 ನಿಮಿಷಕ್ಕಿಂತ ಹೆಚ್ಚು ಮಲಗಬಾರದು. ಹಾಸಿಗೆಯಲ್ಲಿದ್ದ ಹೊತ್ತಿನ ಶೇಕಡ 85ರಷ್ಟು ನಿದ್ದೆ ಬರತೊಡಗಿದ ಮೇಲೆ ವಾರಕ್ಕೆ 15 ನಿಮಿಷ ಬೇಗ ಮಲಗಬಹುದು.

ಮೊದಲ ವಾರ ಕಷ್ಟದ್ದೇ. ಒಂಬತ್ತಕ್ಕೆ ಟೀವಿ ಮುಂದೆ ತೂಕಡಿಸುತ್ತಿದ್ದ ಅಪ್ಪನನ್ನು ಅಮ್ಮ ಅಡಿಕೆಲೆ ತಟ್ಟೆ ಮುಂದಿಟ್ಟು ಮಾತಿಗೆ ಎಳೆಯುತ್ತಿದ್ದರು. ಮೂರನೆಯ ವಾರ ಪುಸ್ತಕದಲ್ಲಿ ಒಂದು ಸಾಲು ಕಂಡಿತು: "11ಕ್ಕೆ ಮಲಗಿದೆ, ಆಮೇಲೆ ಗೊತ್ತಿಲ್ಲ." ಎರಡು ತಿಂಗಳಾಗುವ ಹೊತ್ತಿಗೆ ಹತ್ತೂಕಾಲಕ್ಕೆ ಮಲಗಿ ಐದೂವರೆಗೆ ಏಳುವುದು ರೂಢಿಯಾಯಿತು.

ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಈ ಬಗೆಯ ನಡವಳಿಕೆಯ ಚಿಕಿತ್ಸೆಯನ್ನೇ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಹಾಸಿಗೆಯ ಹೊತ್ತನ್ನು ಹೀಗೆ ಕತ್ತರಿಸುವುದನ್ನು ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ಬಸ್ಸು ಲಾರಿ ಓಡಿಸುವವರು, ಯಂತ್ರದ ಮುಂದೆ ಕೆಲಸ ಮಾಡುವವರು ವೈದ್ಯರನ್ನು ಕೇಳದೆ ಮಾಡಕೂಡದು.

ಎಲ್ಲರೂ ಇಂದೇ ಶುರುಮಾಡಬಹುದಾದವು

1. ಏಳುವ ಹೊತ್ತನ್ನು ಗೊತ್ತುಮಾಡಿ. ಭಾನುವಾರವೂ ಅದೇ ಹೊತ್ತು. ರಾತ್ರಿ ನಿದ್ದೆ ಕೆಟ್ಟಿದ್ದರೂ ಅದೇ ಹೊತ್ತು.

2. ಎದ್ದ ಅರ್ಧ ಗಂಟೆಯೊಳಗೆ ಹೊರಗೆ ಬನ್ನಿ. ಅಂಗಳ ಗುಡಿಸಿ, ಹಾಲು ತನ್ನಿ, ಮಹಡಿಯ ಮೇಲೆ ನಡೆಯಿರಿ. ಮೋಡ ಕವಿದ ಬೆಳಗಿನಲ್ಲೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

3. ಮಧ್ಯಾಹ್ನದ ನಂತರ ಕಾಫಿ, ಟೀ ಬಿಡಿ. ಹಗಲು ನಿದ್ದೆ ಬೇಕೇ ಬೇಕೆಂದರೆ ಮೂರು ಗಂಟೆಯೊಳಗೆ, 20 ನಿಮಿಷ.

4. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಮದ್ಯ ನಿದ್ದೆ ತರಿಸುತ್ತದೆ ಎಂಬುದು ಅರ್ಧ ಸತ್ಯ. ಅದು ಬೇಗ ಮಲಗಿಸಿ, ಇರುಳಿನ ಎರಡನೆಯ ಅರ್ಧವನ್ನು ಚೂರುಚೂರು ಮಾಡುತ್ತದೆ.

5. ಮಲಗುವ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನ ಒಳ್ಳೆಯದು. ಚರ್ಮಕ್ಕೆ ರಕ್ತ ಹರಿದು, ಒಳಮೈಯ ಶಾಖ ಹೊರಹೋಗಿ ಮೈ ತಣಿಯುತ್ತದೆ. ನಿದ್ದೆಗೆ ಬೇಕಿರುವುದು ಆ ತಣಿವು.

6. ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅಲಾರಂಗೆ ಹಳೆಯ ಗಡಿಯಾರ ಸಾಕು, ಅದರ ಮುಖವನ್ನೂ ಗೋಡೆಗೆ ತಿರುಗಿಸಿಡಿ.

7. ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತು, ಮಂದ ಬೆಳಕಿನಲ್ಲಿ ಹೂ ಕಟ್ಟಿ, ಜಪ ಮಾಡಿ, ಅವರೆಕಾಳು ಬಿಡಿಸಿ. ಕಣ್ಣು ಎಳೆದಾಗ ಮತ್ತೆ ಬನ್ನಿ. ಹಾಸಿಗೆ ಕಂಡರೆ ನಿದ್ದೆ ನೆನಪಾಗಬೇಕು, ಹೊರಳಾಟ ನೆನಪಾಗಬಾರದು. ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ರೂಪಿಸಿದ ಈ ಉಪಾಯ ಇಂದಿಗೂ ಚಿಕಿತ್ಸೆಯ ಬೆನ್ನೆಲುಬು.

ರಾತ್ರಿ ಪಾಳಿಯವರಿಗೆ

ನರ್ಸುಗಳು, ಬಸ್ ಚಾಲಕರು, ಸೆಕ್ಯುರಿಟಿಯವರು, ಹೊರದೇಶದ ಹೊತ್ತಿಗೆ ದುಡಿಯುವ ಬೆಂಗಳೂರಿನ ಐಟಿ ಮಕ್ಕಳು, ಇಂದಿಗೂ ರಾತ್ರಿ ಕರೆಂಟಿಗೆ ಕಾಯುವ ರೈತರು ಏಳುವ ಹೊತ್ತನ್ನು ತಾವೇ ಆರಿಸಿಕೊಳ್ಳಲಾರರು. ದೀರ್ಘಕಾಲದ ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಕ್ಯಾನ್ಸರ್ ತರುವ ಸಂಭವವಿರುವ ಪಟ್ಟಿಗೆ ಸೇರಿಸಿದೆ. ಹಾಗಾಗಿ ಇವರ ಹಗಲು ನಿದ್ದೆಯನ್ನು ಮನೆಯವರೆಲ್ಲ ಸೇರಿ ಕಾಯಬೇಕು. ಪಾಳಿ ಮುಗಿಸಿ ಬರುವಾಗ ಕಪ್ಪು ಕನ್ನಡಕ, ಮನೆಯಲ್ಲಿ ದಪ್ಪ ಪರದೆ, ಕಾಲಿಂಗ್ ಬೆಲ್ಲಿಗೆ ಬಿಡುವು. ಪಾಳಿ ವಾರವಾರ ಬದಲಾಗುವವರು ಎಲ್ಲ ದಿನಗಳಿಗೂ ಹೊಂದುವ ಮೂರು ನಾಲ್ಕು ಗಂಟೆಯ ಒಂದು ನಿದ್ದೆಯನ್ನು ಬದಲಿಸದೆ ಇಟ್ಟುಕೊಂಡು, ಉಳಿದದ್ದನ್ನು ಅದರ ಹಿಂದೆಯೋ ಮುಂದೆಯೋ ಜೋಡಿಸಿಕೊಳ್ಳಬಹುದು.

ಊರಿನ ಗದ್ದಲವೂ ನಿದ್ದೆಯ ಶತ್ರು. ನಿದ್ದೆ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2012ರ ರಾಮಲೀಲಾ ಮೈದಾನದ ತೀರ್ಪಿನಲ್ಲಿ ಹೇಳಿದೆ. ಶಬ್ದಮಾಲಿನ್ಯದ 2000ದ ನಿಯಮಗಳಂತೆ ಸರ್ಕಾರ ವಿಶೇಷ ವಿನಾಯಿತಿ ಕೊಟ್ಟ ದಿನಗಳನ್ನು ಬಿಟ್ಟರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮೊದಲು ನೆರೆಯವರೊಡನೆ ಮಾತಾಡಿ, ಕೇಳದಿದ್ದರೆ 112ಕ್ಕೆ ಕರೆಮಾಡಿ.

ಡಾಕ್ಟರ ಬಳಿ ಯಾವಾಗ ಹೋಗಬೇಕು?

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದಿದ್ದರೆ ತಡಮಾಡಬೇಡಿ. ಗೊರಕೆ ಸುಖನಿದ್ದೆಯ ಗುರುತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಜೋರು ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಿದ್ದರೆ ಅದು ಸ್ಲೀಪ್ ಅಪ್ನಿಯ ಇರಬಹುದು. ಬಿಪಿ, ಹೃದ್ರೋಗ, ಪಾರ್ಶ್ವವಾಯುಗಳಿಗೆ ಇದು ದಾರಿ. ಪಕ್ಕದಲ್ಲಿ ಮಲಗುವವರು ಒಂದು ನಿಮಿಷ ಫೋನಿನಲ್ಲಿ ಚಿತ್ರೀಕರಿಸಿಕೊಂಡರೆ ಡಾಕ್ಟರಿಗೆ ಅರ್ಧ ಕೆಲಸ ಸಲೀಸು. ಸ್ಲೀಪ್ ಸ್ಟಡಿ ಮಾಡಿ ಖಚಿತವಾದರೆ, ಗಾಳಿಯ ಒತ್ತಡದಿಂದ ಗಂಟಲ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವಿದೆ. ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಮಲಗಿದಾಗ ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಆಡಿಸುತ್ತಲೇ ಇರಬೇಕೆನಿಸಿದರೆ ರಕ್ತದಲ್ಲಿನ ಕಬ್ಬಿಣದ ಅಂಶ ನೋಡಿಸಿ. ಹೆಣ್ಣುಮಕ್ಕಳು ಇದನ್ನು ಸುಸ್ತೆಂದು ಹೇಳಿ ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಕನಸಿನಲ್ಲಿ ಕೈಕಾಲು ಬೀಸಿ ಹೊಡೆಯುವುದು, ಹಗಲು ಮಾತಿನ ನಡುವೆಯೇ ನಿದ್ದೆಗೆ ಜಾರುವುದು ನರರೋಗ ತಜ್ಞರಿಗೆ ತೋರಿಸಬೇಕಾದ ಲಕ್ಷಣಗಳು. ನೆರೆಯವರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ನೀವು ನುಂಗಬೇಡಿ. ಈಗಾಗಲೇ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಿ. ಮನಸ್ಸು ಕುಗ್ಗಿ ನಿದ್ದೆ ಹೋಗಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ 14416ಕ್ಕೆ ಕರೆಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಿದು. ಕನ್ನಡದಲ್ಲೇ, ಹಗಲಿರುಳೂ, ಉಚಿತವಾಗಿ ಮಾತಾಡಬಹುದು.

ಮೊನ್ನೆ ಬಿಪಿ ತೋರಿಸಲು ಹೋದಾಗ ಡಾಕ್ಟರು ಅಪ್ಪನನ್ನು ಅದೇ ಪ್ರಶ್ನೆ ಕೇಳಿದರು. ಅಪ್ಪ ಜೇಬಿನಿಂದ ಹಾಲಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಐದೂವರೆ, ಬೇಕಾದ್ರೆ ನೋಡಿ" ಅಂದರು. ನಿಮ್ಮ ಮನೆಯಲ್ಲೂ ಹಾಳೆ ಉಳಿದ ಹಳೆಯ ಪುಸ್ತಕವೊಂದು ಇದ್ದೇ ಇರುತ್ತದೆ. ನಾಳೆ ಏಳುವ ಹೊತ್ತನ್ನು ಇವತ್ತೇ ಅದರಲ್ಲಿ ಬರೆದಿಡಿ.